ಅಂತರಶಿಸ್ತೀಯ ಸೆಮಿನಾರ್‌ಗೂ ಕಲಿಕಾ ಸಮುದಾಯಕ್ಕೂ ವ್ಯತ್ಯಾಸವೇನು? ಶಿವಮೊಗ್ಗದ ಪದವಿ ಕಾಲೇಜಿಗೆ ಯಾವ ವಿಷಯ ಹೊಂದುತ್ತದೆ?
ಸೆಮಿನಾರಿನಲ್ಲಿ ಹಲವು ವಿಭಾಗಗಳವರು ಒಂದೇ ಪ್ರಶ್ನೆಯನ್ನು ಒಟ್ಟಾಗಿ ಪರಿಶೀಲಿಸುತ್ತಾರೆ. ಕಲಿಕಾ ಸಮುದಾಯದಲ್ಲಿ ವಿದ್ಯಾರ್ಥಿಗಳ ಒಂದೇ ಗುಂಪು ಪರಸ್ಪರ ಹೆಣೆದ ಎರಡು ಮೂರು ಕೋರ್ಸುಗಳನ್ನು ಸೆಮಿಸ್ಟರ್ ಪೂರ್ತಿ ಜೊತೆಯಾಗಿ ಓದುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1927ರಿಂದ 1932ರವರೆಗೆ ನಡೆದ ಪ್ರಾಯೋಗಿಕ ಕಾಲೇಜು ಇದರ ಪೂರ್ವರೂಪ.

ಶಿವಮೊಗ್ಗಕ್ಕೆ ಮಂಗನ ಕಾಯಿಲೆಗಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗದ ವೈರಾಣುವನ್ನು ಸೂಕ್ಷ್ಮಜೀವಿಶಾಸ್ತ್ರ ವಿವರಿಸಬಲ್ಲದಾದರೂ, ಅದನ್ನು ಹರಡುವ ಉಣುಗಿನ ಬಗ್ಗೆ ಪ್ರಾಣಿಶಾಸ್ತ್ರದವರನ್ನು, ಕಾಡಿನ ಬಳಕೆ ಬದಲಾದ ಬಗೆಯನ್ನು ಇತಿಹಾಸದವರನ್ನು, ಸೌದೆ, ತರಗೆಲೆಗೆಂದು ಕಾಡಿಗೆ ಹೋಗಲೇಬೇಕಾದ ಮನೆಗಳ ಸ್ಥಿತಿಯನ್ನು ಸಮಾಜಶಾಸ್ತ್ರದವರನ್ನು ಕೇಳಬೇಕಾಗುತ್ತದೆ. ಆದರೆ ಅಂಕ ಕೊಡುವವರು ಯಾರೆಂಬುದನ್ನು (ಜಗಳ ಹುಟ್ಟುವುದು ಬಹುಪಾಲು ಇಲ್ಲಿಯೇ) ವಿಭಾಗಗಳು ಮೊದಲೇ ತೀರ್ಮಾನಿಸದಿದ್ದರೆ, ಸೆಮಿನಾರು ಬಿಡಿ ಉಪನ್ಯಾಸಗಳ ಸರಣಿಯಾಗಿಬಿಡುತ್ತದೆ.