ಒಂದೇ ಅಲೆಗೆ ಇಬ್ಬರು ಇಳಿದರೆ ತಪ್ಪು ಯಾರದ್ದು?

ನೀವು ಬರೆದ ಹಾಗೆಯೇ ನಡೆದಿದ್ದರೆ ತಪ್ಪು ಆ ಇನ್ನೊಬ್ಬ ಸರ್ಫರ್‌ನದ್ದೇ. ಕಾಸರಗೋಡು ಕಡೆಯ ಕುಂಬಳೆಯ ಅಳಿವೆ ಹತ್ತಿರ ಸರ್ಫಿಂಗ್ ಮಾಡುವಾಗ ನೀವು ಅಲೆ ಹಿಡಿದು ಬೋರ್ಡ್ ಮೇಲೆ ಎದ್ದಾಗಿತ್ತು. ಅವನು ನಿಮ್ಮ ಮುಂದಿನಿಂದ ಅದೇ ಅಲೆಗೆ ಇಳಿದ. ಇಬ್ಬರೂ ಬಿದ್ದಿರಿ, ನಿಮ್ಮ ಬೋರ್ಡಿನ ಅಂಚು ಒಡೆಯಿತು. ಆಮೇಲೆ ನೀರಲ್ಲೇ ಬೈಗುಳ, ಇನ್ನೇನು ಹೊಡೆದಾಟ ಅನ್ನುವಷ್ಟರಲ್ಲಿ ಗೆಳೆಯರು ಬಿಡಿಸಿದರು. ಅಲೆ ಯಾರಿಗೆ ಸೇರಬೇಕು ಅನ್ನುವುದಕ್ಕೆ ನಿಯಮ ಉಂಟಾ, ಮತ್ತೆ ಹೀಗಾದರೆ ಏನು ಮಾಡುವುದು ಅಂತ ಕೇಳಿದ್ದೀರಿ. ನಾನು ಮಂಜೇಶ್ವರದ ಕಡೆಯವನು, ನೀವು ಇಳಿಯುವ ಕಡಲಿಗೇ ಇಳಿಯುವವನು.

ನಿಯಮ ಉಂಟು. ಅಲೆ ಮೊದಲು ಒಡೆಯುವ ಜಾಗಕ್ಕೆ ಪೀಕ್ ಅನ್ನುತ್ತಾರೆ. ಅದಕ್ಕೆ ಯಾರು ತೀರಾ ಹತ್ತಿರ ಇದ್ದಾರೋ ಆ ಅಲೆ ಅವರದ್ದು. ಉಳಿದವರು ಬಿಡಬೇಕು. ಬಿಡದೆ ಮುಂದಿನಿಂದ ಇಳಿದರೆ ಅದಕ್ಕೆ ಡ್ರಾಪ್ ಇನ್ ಅನ್ನುತ್ತಾರೆ. ಇದರ ಹಿಂದೆ ದೊಡ್ಡ ತತ್ವ ಏನಿಲ್ಲ. ಪೀಕ್ ಹತ್ತಿರ ಎದ್ದವನ ಬೆನ್ನಿಗೇ ನೊರೆ ಕುಸಿಯುತ್ತಾ ಬರುತ್ತದೆ. ಅವನಿಗೆ ದಾರಿ ಒಂದೇ, ಮುಂದಕ್ಕೆ. ಆ ದಾರಿಗೆ ಇನ್ನೊಬ್ಬ ಬಂದರೆ ಒಂದೋ ಡಿಕ್ಕಿ, ಇಲ್ಲವೇ ನೊರೆಯೊಳಗೆ. ಪೀಕ್‌ನಿಂದ ದೂರ ಇರುವವನು ಪ್ಯಾಡಲ್ ಮಾಡುವುದನ್ನು, ಅಂದರೆ ಬೋರಲು ಮಲಗಿ ಕೈಯಿಂದ ನೀರು ತಳ್ಳುವುದನ್ನು, ನಿಲ್ಲಿಸಿ ಬೋರ್ಡ್ ಮೇಲೆ ಕೂತರೆ ಸಾಕು, ಅಲೆ ಅವನ ಅಡಿಯಿಂದ ದಾಟಿ ಹೋಗುತ್ತದೆ. ಯಾರಿಗೆ ಬಿಡುವುದು ಸುಲಭವೋ ಅವನು ಬಿಡಬೇಕು, ಅಷ್ಟೇ. ಜಗಳದ ಹೊತ್ತಿಗೆ "ನನ್ನ ಅಲೆ, ನಿನ್ನ ಅಲೆ" ಅನ್ನುವುದಕ್ಕಿಂತ "ಯಾರ ಮೈಗೆ ಪೆಟ್ಟಾಗುತ್ತಿತ್ತು" ಅಂತ ಯೋಚಿಸಿದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಸ್ಪರ್ಧೆಯಲ್ಲೂ ಇದೇ ತರ್ಕ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಾಗ ನಮ್ಮ ಕಡೆಯ ತುಂಬಾ ಜನ ಮೊದಲ ಸಲ ಸ್ಪರ್ಧೆ ನೋಡಿದರು. ಅಲ್ಲಿ ಎರಡು ಒಳ್ಳೆಯ ಅಲೆಗಳ ಅಂಕ ಸೇರಿಸಿ ಲೆಕ್ಕ ಹಾಕುತ್ತಾರೆ. ಇನ್ನೊಬ್ಬರ ದಾರಿಗೆ ಅಡ್ಡ ಬಂದರೆ ಅದರಲ್ಲಿ ಅಂಕ ಕಡಿತ. ನಮ್ಮ ಭಾನುವಾರದ ಕಡಲಿಗೆ ತೀರ್ಪುಗಾರರು ಇಲ್ಲ, ಅದೇ ತೊಂದರೆ.

ಇನ್ನೊಂದು ತೊಂದರೆ ಉಂಟು. ನಮ್ಮದು ಹೊಯ್ಗೆ, ಅಂದರೆ ಮರಳಿನ ಕಡಲು. ಬಂಡೆ ಮೇಲೆ ಒಡೆಯುವ ಅಲೆಯಾದರೆ ಪೀಕ್ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಇಲ್ಲಿ ನೀರಡಿಯ ಹೊಯ್ಗೆ ದಿಬ್ಬ ಮಳೆಗಾಲ ಮುಗಿಯುವಷ್ಟರಲ್ಲಿ ಜಾಗ ಬದಲಿಸಿರುತ್ತದೆ, ಅಳಿವೆ ಬಾಯಿಯಲ್ಲಂತೂ ಮತ್ತೂ ಜಾಸ್ತಿ. ಈ ಅಲೆ ಇಲ್ಲಿ ಒಡೆದರೆ ಮುಂದಿನದ್ದು ಇಪ್ಪತ್ತು ಮೀಟರ್ ಆಚೆ. ಹಾಗಾಗಿ "ನಾನೇ ಹತ್ತಿರ ಇದ್ದೆ" ಅಂತ ಇಬ್ಬರಿಗೂ ಪ್ರಾಮಾಣಿಕವಾಗಿಯೇ ಅನ್ನಿಸಬಹುದು. ಅಂಥ ಕಡೆ ಮೊದಲು ಎದ್ದವನಿಗೆ ಬಿಡುವುದು ರೂಢಿ. ನೀವು ಮೊದಲು ಎದ್ದಿದ್ದಿರಿ ಅಂತ ನೀವೇ ಬರೆದಿದ್ದೀರಿ, ಅದಕ್ಕೇ ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟೆ. ಅವನ ಮಾತು ಕೇಳಿದರೆ ತೀರ್ಪು ಬದಲಾದೀತು, ಅದು ಬೇರೆ ವಿಷಯ!

ಇದಕ್ಕೆ ಮದ್ದು ಬಾಯಿ. ಸುಮ್ನೆ ಪ್ಯಾಡಲ್ ಮಾಡಬೇಡಿ, ಕೂಗಿ ಹೇಳಿ. ಪೀಕ್ ಎರಡೂ ಕಡೆಗೆ ಒಡೆಯುತ್ತಿದ್ದರೆ ಇಬ್ಬರು ಒಂದೇ ಅಲೆಯನ್ನು ಹಂಚಿಕೊಳ್ಳಬಹುದು, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಎಡ ಬಲ ಅನ್ನುವುದು ಸವಾರನ ಲೆಕ್ಕದಲ್ಲಿ, ಅಂದರೆ ದಡಕ್ಕೆ ಮುಖ ಮಾಡಿ. ದಡದಲ್ಲಿ ನಿಂತು ನೋಡುವವನಿಗೆ ಅದು ಉಲ್ಟಾ. ನಮ್ಮ ಕರಾವಳಿಯಲ್ಲಿ ನೆನಪಿಡುವುದು ಸುಲಭ: ಬಲಕ್ಕೆ ಕಾಸರಗೋಡು, ಎಡಕ್ಕೆ ಮಂಗಳೂರು. ನಮ್ಮ ಗುಂಪಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಮಾತಾಡುವವರೂ ಇದ್ದಾರೆ. "ಲೆಫ್ಟ್", "ರೈಟ್" ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಯಾರಾದರೂ ಅಡ್ಡ ಬರುವ ಅಂದಾಜಾದರೆ ಜೋರಾಗಿ ಒಂದು "ಓಯ್". ಬಹಳಷ್ಟು ಡ್ರಾಪ್ ಇನ್ ಬೇಕಂತ ಮಾಡಿದ್ದಲ್ಲ, ನೋಡದೆ ಆದದ್ದು. ಹೊಸಬರು ದಡವನ್ನೇ ನೋಡುತ್ತಾ ಪ್ಯಾಡಲ್ ಮಾಡುತ್ತಾರೆ. ಏಳುವ ಮೊದಲು ಒಮ್ಮೆ ಪೀಕ್ ಕಡೆಗೆ ಕತ್ತು ತಿರುಗಿಸಬೇಕು. ಆ ಅಭ್ಯಾಸ ಮೊದಲ ವಾರವೇ ಬರಬೇಕು.

ಬೇಕಂತ ಮಾಡುವವರೂ ಇದ್ದಾರೆ. ಕಾಯುತ್ತಾ ಕೂತವನ ಹಿಂದಿನಿಂದ ಸುತ್ತು ಹಾಕಿ ಹೋಗಿ, ಪೀಕ್‌ಗೆ ನಾನೇ ಹತ್ತಿರ ಅನ್ನುವುದು ಒಂದು ಜಾತಿ. ಲೆಕ್ಕಕ್ಕೆ ನಿಯಮ ಪಾಲಿಸಿದ ಹಾಗೆ ಕಾಣುತ್ತದೆ, ಆದರೆ ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದ ಹಾಗೆ. ಉದ್ದ ಬೋರ್ಡಿನವರದ್ದು ಇನ್ನೊಂದು ಕಥೆ. ಒಂಬತ್ತು ಅಡಿಯ ಬೋರ್ಡ್ ಸಣ್ಣ ಬೋರ್ಡಿಗಿಂತ ಬೇಗ ಅಲೆ ಹಿಡಿಯುತ್ತದೆ. ಅವರು ಹೊರಗೆ ಕೂತು ಬಂದ ಅಲೆಯನ್ನೆಲ್ಲ ತೆಗೆದುಕೊಂಡು ಹೋಗಬಹುದು. ಹಕ್ಕಿನ ಪ್ರಕಾರ ಸರಿ, ಆದರೂ ಒಂದು ಹಿಡಿದ ಮೇಲೆ ಒಂದೆರಡು ಬಿಡಬೇಕು. ಹಾಗೆ ಬಿಡುವವರಿಗೆ ನಾವೂ ಬಿಡುತ್ತೇವೆ.

ದಡದಿಂದ ಹೊರಗೆ ಕಡಲಿಗೆ ಹೋಗುವಾಗ ಎಲ್ಲರೂ ಅಲೆ ಒಡೆಯುವ ಜಾಗದ ನಡುವಿನಿಂದಲೇ ಯಾಕೆ ಹೋಗುತ್ತಾರೋ ನನಗೆ ಅರ್ಥ ಆಗುವುದಿಲ್ಲ. ಪಕ್ಕದಲ್ಲಿ ಅಲೆ ಒಡೆಯದ ಆಳದ ಜಾಗ ಇರುತ್ತದೆ, ಅಲ್ಲಿಂದ ಸುತ್ತಿ ಹೋದರೆ ದಣಿವೂ ಕಡಿಮೆ. ನಡುವೆ ಸಿಕ್ಕಿಬಿದ್ದರೆ, ಸವಾರ ಬರುತ್ತಿದ್ದರೆ, ಅವನ ಹಿಂದಿನ ನೊರೆ ಕಡೆಗೆ ಹೋಗಬೇಕು. ನೊರೆ ಮುಖಕ್ಕೆ ಹೊಡೆಯುತ್ತದೆ, ಸ್ವಲ್ಪ ನೀರು ಕುಡಿಯಬೇಕಾದೀತು. ಅದನ್ನು ತಪ್ಪಿಸಿಕೊಳ್ಳಲು ಅವನ ಮುಂದಿನ ಒಡೆಯದ ಕಡೆಗೆ ಓಡಿದರೆ ನೀವು ಅವನ ದಾರಿಯಲ್ಲೇ ಇರುತ್ತೀರಿ.

ಮತ್ತೆ, ದೊಡ್ಡ ನೊರೆ ಬಂತು ಅಂತ ಬೋರ್ಡ್ ಬಿಟ್ಟು ಮುಳುಗಬೇಡಿ. ಕಾಲಿಗೆ ಲೀಶ್ (ಬೋರ್ಡ್ ಕಟ್ಟಿದ ಹಗ್ಗ) ಉಂಟಲ್ಲ ಅನ್ನುತ್ತಾರೆ. ಎಂಟಡಿ ಬೋರ್ಡ್, ಎಂಟಡಿ ಲೀಶ್. ಕೈಬಿಟ್ಟರೆ ನಿಮ್ಮ ಹಿಂದೆ ಹದಿನಾರು ಅಡಿಯವರೆಗೆ ಯಾರಿದ್ದರೂ ಅವರ ತಲೆಗೆ ಬಡಿಯಬಹುದು. ಬಿಡುವ ಮೊದಲು ಹಿಂದೆ ನೋಡಬೇಕು, ನೋಡಲು ಆಗದಿದ್ದರೆ ಹಿಡಿದುಕೊಂಡಿರಬೇಕು. ಪೂರ್ತಿ ಹೊಸಬರು ಸೊಂಟ ಮಟ್ಟದ ನೀರಿನ ನೊರೆಯಲ್ಲೇ ಕಲಿಯಲಿ, ಹೊರಗಿನ ಸಾಲಿಗೆ ಬರುವುದು ಆಮೇಲೆ.

ನಮ್ಮ ಅಳಿವೆಗಳಲ್ಲಿ ಮಾತ್ರ ಇದಕ್ಕೆಲ್ಲ ಮೇಲಿನ ನಿಯಮ ಒಂದುಂಟು. ದೋಣಿಗೆ ಮೊದಲ ಹಕ್ಕು. ಶಿರಿಯ, ಮೊಗ್ರಾಲ್, ಚಂದ್ರಗಿರಿ, ಯಾವ ಅಳಿವೆಯಾದರೂ ಸರಿ. ಒಳಗೆ ಬರುವ ದೋಣಿ ಒಂದು ಅಲೆಯ ಬೆನ್ನು ಹಿಡಿದು ಅದೇ ವೇಗದಲ್ಲಿ ಬಾಯಿ ದಾಟಬೇಕು. ನಡುವೆ ನಿಧಾನ ಮಾಡಿದರೆ ಹಿಂದಿನ ಅಲೆ ಎತ್ತಿ ಅಡ್ಡ ತಿರುಗಿಸುತ್ತದೆ, ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ನಿಮಗಾಗಿ ಅವನು ತಿರುಗಿಸಲಿ ಅಂತ ಕಾಯುವುದು ಹುಚ್ಚುತನ. ಎಂಜಿನ್ ಸದ್ದು ಕೇಳಿದ ಕೂಡಲೇ ಬದಿಗೆ ಹೋಗಿ. ಜುಲೈ 31ಕ್ಕೆ ಕೇರಳದ ಟ್ರಾಲಿಂಗ್ ನಿಷೇಧ ಮುಗಿದ ಮೇಲೆ ಇನ್ನೂ ಹುಷಾರು, ಆಗ ಬೋಟುಗಳ ಓಡಾಟ ಜಾಸ್ತಿ. ದಡದಿಂದ ಬಲೆ ಎಳೆಯುತ್ತಿದ್ದರೆ ಆ ಜಾಗ ಬಿಟ್ಟುಬಿಡಿ. ನಿಮ್ಮ ಗದ್ದಲಕ್ಕೆ ಬೂತಾಯಿ ಮೀನು ಚದುರುತ್ತದೆ ಅಂತ ಅವರು ಹೇಳಿದರೆ ವಾದ ಬೇಡ. ನಮಗದು ಭಾನುವಾರದ ಆಟ, ಅವರಿಗೆ ದಿನದ ದುಡಿಮೆ.

ಈಗ ಜಗಳದ ವಿಷಯ. ನೀರಲ್ಲಿ ಕೈ ಎತ್ತಬಾರದು. 1966ರ ವಿಶ್ವ ಚಾಂಪಿಯನ್, ಆಸ್ಟ್ರೇಲಿಯದ ನ್ಯಾಟ್ ಯಂಗ್, 2000ದಲ್ಲಿ ಇಂಥದ್ದೇ ಒಂದು ವಾಗ್ವಾದದಲ್ಲಿ ಒಬ್ಬ ಹುಡುಗನ ಕೆನ್ನೆಗೆ ಹೊಡೆದರು. ಹುಡುಗನ ತಂದೆ ಬಂದು ಅವರ ಮುಖದ ಮೂಳೆ ಮುರಿಯುವ ಹಾಗೆ ಬಡಿದ. ಹೆಸರು, ವಯಸ್ಸು, ಅನುಭವ ಯಾವುದೂ ಅಡ್ಡ ಬರಲಿಲ್ಲ. ಅಲ್ಲಿ ಹೊಡೆದಾಟ, ಇಲ್ಲಿ ಅದರ ಮೇಲೆ ಮುಳುಗುವ ಭಯವೂ ಉಂಟು, ಯಾಕೆಂದರೆ ನಮ್ಮ ಹೆಚ್ಚಿನ ದಡಗಳಲ್ಲಿ ಕಾವಲುಗಾರರೇ ಇರುವುದಿಲ್ಲ.

ನಾನು ಮಾಡುವುದು ಇಷ್ಟು. ಬಿದ್ದು ಎದ್ದ ತಕ್ಷಣ ಏನೂ ಮಾತಾಡುವುದಿಲ್ಲ. ಮೊದಲು "ಪೆಟ್ಟಾಯ್ತಾ?" ಅಂತ ಕೇಳುತ್ತೇನೆ. ಅವನು ಸಾರಿ ಅಂದರೆ ಅಲ್ಲಿಗೆ ಮುಗಿಯಿತು, ಭಾಷಣ ಬೇಡ. ಅನ್ನದಿದ್ದರೆ, ಎರಡು ಅಲೆ ಹೋಗಲಿ ಅಂತ ಬಿಟ್ಟು, ಹತ್ತಿರ ಹೋಗಿ ಬೋರ್ಡ್ ಮೇಲೆ ಕೂತು ಹೇಳುತ್ತೇನೆ: "ಅಣ್ಣಾ, ನಾನು ಎದ್ದಾಗಿತ್ತು, ನೀವು ಈ ಕಡೆ ನೋಡಲಿಲ್ಲ ಅಂತ ಕಾಣ್ತದೆ. ಮುಂದಿನದ್ದು ನೀವು ತಗೊಳ್ಳಿ." ಕೊನೆಯ ಮಾತಿಗೆ ಹೆಚ್ಚಿನವರು ಮೆತ್ತಗಾಗುತ್ತಾರೆ. ಗಟ್ಟಿ ಮನುಷ್ಯ ಒಬ್ಬ ಮೆತ್ತಗಾಗಲಿಲ್ಲ. ಬೆಳಗ್ಗಿನಿಂದ ಎಲ್ಲರ ಅಲೆಗೂ ಇಳಿಯುತ್ತಿದ್ದ. ನಾವು ಇದ್ದವರೆಲ್ಲ ಹತ್ತಿರ ಸೇರಿ ಕೂತೆವು, ಅವನು ಇಳಿದಾಗಲೆಲ್ಲ ಎಲ್ಲರೂ ಒಟ್ಟಿಗೆ ಕೂಗಿದೆವು. ಬಿಸಿಲೇರುವ ಮೊದಲೇ ಅವನು ದಡ ಸೇರಿದ. ಇದನ್ನು ಊರವರು ಹೊರಗಿನವರನ್ನು ಓಡಿಸಲು ಬಳಸಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಕ್ಯಾಲಿಫೋರ್ನಿಯದ ಲುನಾಡ ಬೇಯಲ್ಲಿ ಊರಿನ ಗುಂಪು ವರ್ಷಗಟ್ಟಲೆ ಹಾಗೆ ಮಾಡಿ, 2016ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

ಜಗಳ ಬೇಡವೇ ಬೇಡ ಅಂದರೆ ಹೊತ್ತು ಬದಲಿಸಿ. ಬೆಳಗ್ಗೆ ಮೂಡಣ ಗಾಳಿ ಇರುವಾಗ ಅಲೆ ನುಣುಪು, ಅದಕ್ಕೇ ಎಲ್ಲರೂ ಆಗಲೇ ಬರುತ್ತಾರೆ. ಪಡುಗಾಳಿ ಎದ್ದ ಮೇಲೆ ಕಡಲು ಒರಟು, ಜನ ಖಾಲಿ. ಕಲಿಯುವವರಿಗೆ ಆ ಹೊತ್ತೂ ಸಾಕು.

ಬೋರ್ಡ್ ರಿಪೇರಿ ಖರ್ಚು ಕೇಳಬಹುದಾ ಅಂದಿದ್ದೀರಿ. ಕೇಳಬಹುದು, ಡ್ರಾಪ್ ಇನ್ ಮಾಡಿದವನು ಕೊಡುವುದು ಮರ್ಯಾದೆ. ದಡದಲ್ಲಿ, ಚಹಾ ಕುಡಿಯುವಾಗ ಕೇಳಿ. ಅಷ್ಟರವರೆಗೆ ಒಡೆದ ಬೋರ್ಡನ್ನು ನೀರಿಗಿಳಿಸಬೇಡಿ, ಒಳಗಿನ ಫೋಮ್ ನೀರು ಹೀರುತ್ತದೆ. ಸಿಹಿ ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಫೋಮ್ ಇಪಿಎಸ್ (ಥರ್ಮೋಕೋಲ್ ಜಾತಿಯದ್ದು) ಆಗಿದ್ದರೆ ಬಿರುಕು ಮುಚ್ಚಲು ಎಪಾಕ್ಸಿ ಅನ್ನುವ ಅಂಟು ರೆಸಿನ್ ಮಾತ್ರ ಹಾಕಬೇಕು. ಪಾಲಿಯೆಸ್ಟರ್ ರೆಸಿನ್ ತಾಗಿದರೆ ಆ ಫೋಮ್ ಕರಗಿ ಹೋಗುತ್ತದೆ, ಸಣ್ಣ ಬಿರುಕು ಅಂಗೈಯಗಲದ ಹೊಂಡ ಆಗುತ್ತದೆ.