ಪೈ-ರಾಡ್ಸ್ 3 ಬಂದಿದೆ, ಬಯಾಪ್ಸಿ ಮಾಡಿಸಲೇ?

ಪ್ರಶ್ನೆ: ನನಗೆ 63 ವರ್ಷ. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನ್) 5.8 ಬಂತು. ಎಂಆರ್‌ಐ ವರದಿಯಲ್ಲಿ ಪ್ರಾಸ್ಟೇಟ್ ಗಾತ್ರ 72 ಮಿ.ಲೀ., ಪೈ-ರಾಡ್ಸ್ 3 ಎಂದಿದೆ. ಒಬ್ಬ ವೈದ್ಯರು ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿಸಿ ಎಂದರು. ಇನ್ನೊಬ್ಬರು ಆರು ತಿಂಗಳು ಕಾದು ನೋಡೋಣ ಎಂದರು. ಮಗ 'ಸುಮ್ನೆ ಯಾಕೆ ಚುಚ್ಚಿಸಿಕೊಳ್ತೀರಿ' ಅಂತಾನೆ. ಹೆಂಡತಿಗೆ ಇನ್ನೂ ಹೇಳಿಲ್ಲ. ನಿದ್ದೆ ಬರುತ್ತಿಲ್ಲ.

ಉತ್ತರ: ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ ಯಾರೋ ಒಬ್ಬರದು ತಪ್ಪು ಅನಿಸುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಎಂಆರ್‌ಐ ನೋಡಿ ಕ್ಯಾನ್ಸರ್ ಅನುಮಾನ ಎಷ್ಟು ಎಂದು ಕೊಡುವ ಅಂಕವೇ ಪೈ-ರಾಡ್ಸ್; ಅದು 1ರಿಂದ 5ರವರೆಗೆ ಇರುತ್ತದೆ. 1, 2 ಬಂದರೆ ಅಪಾಯದ ಕ್ಯಾನ್ಸರ್ ಇರುವ ಸಾಧ್ಯತೆ ಕಡಿಮೆ. 4, 5 ಬಂದರೆ ಸಾಮಾನ್ಯವಾಗಿ ಬಯಾಪ್ಸಿ ಮಾಡಿಸಿ ಎನ್ನುತ್ತಾರೆ. 3 ಮಾತ್ರ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಅದನ್ನು ಬೇರೆ ವಿವರಗಳ ಜೊತೆ ಇಟ್ಟು ನೋಡಬೇಕು.

ಅಂಥ ಒಂದು ವಿವರ ನಿಮ್ಮ ಪತ್ರದಲ್ಲೇ ಇದೆ. 5.8ನ್ನು 72ರಿಂದ ಭಾಗಿಸಿ. 0.08 ಬರುತ್ತದೆ. ಇದಕ್ಕೆ ಪಿಎಸ್‌ಎ ಸಾಂದ್ರತೆ ಎನ್ನುತ್ತಾರೆ. ಗ್ರಂಥಿ ದೊಡ್ಡದಾದರೆ ಕ್ಯಾನ್ಸರ್ ಇಲ್ಲದಿದ್ದರೂ ಪಿಎಸ್‌ಎ ಏರುತ್ತದೆ. ಅದಕ್ಕೇ ಈ ಲೆಕ್ಕ. 0.15 ದಾಟಿದರೆ ಅನುಮಾನ ಹೆಚ್ಚುತ್ತದೆ. 0.10ಕ್ಕಿಂತ ಕಡಿಮೆ ಇದ್ದರೆ, 3 ಬಂದವರಲ್ಲಿ ಕಾಯುವುದನ್ನು ಅನೇಕ ವೈದ್ಯರು ಒಪ್ಪುತ್ತಾರೆ. ಎರಡನೆಯ ವೈದ್ಯರು ನೋಡಿದ್ದು ಬಹುಶಃ ಇದನ್ನೇ.

ಆದರೆ ನೀವು ಬರೆಯದ ಒಂದು ಸಂಗತಿ ಇದನ್ನೆಲ್ಲ ತಲೆಕೆಳಗು ಮಾಡಬಹುದು. ಮೂತ್ರದ ತೊಂದರೆಗೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ತಿಂಗಳುಗಟ್ಟಲೆ ನುಂಗಿದರೆ ಅವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಹಾಗಿದ್ದರೆ ನಿಮ್ಮ 5.8ನ್ನು 11.6 ಎಂದು ಓದಬೇಕು. ಸಾಂದ್ರತೆ 0.16 ಆಗುತ್ತದೆ. ಆಗ ನಾನು ಮೊದಲ ವೈದ್ಯರ ಕಡೆ ವಾಲುತ್ತೇನೆ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ, ಬೆರಳಿನಿಂದ ಪರೀಕ್ಷಿಸಿದಾಗ ಗಟ್ಟಿ ಗಂಟು ಸಿಕ್ಕಿದ್ದರೆ ಕೂಡ ಹಾಗೇ. ಇನ್ನೊಂದು ಕಡೆ, ಮೂತ್ರದ ಸೋಂಕಿನಿಂದಲೂ ಪಿಎಸ್‌ಎ ಏರುತ್ತದೆ. ಸೋಂಕಿದ್ದರೆ ಅದು ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಬೇಕು.

ನಿಮ್ಮ ಮಗನ ಮಾತಿನಲ್ಲಿ ಹುರುಳಿದೆ. ಬಯಾಪ್ಸಿಯಿಂದ ರಕ್ತಸ್ರಾವ, ಸೋಂಕು ಆಗಬಹುದು. ಎಂದೂ ಕಾಡದ ಸಣ್ಣ ಕ್ಯಾನ್ಸರ್ ಸಿಕ್ಕಿ, ಬೇಡದ ಚಿಂತೆ ಶುರುವಾಗಬಹುದು. 2018ರಲ್ಲಿ ಪ್ರಕಟವಾದ ಪ್ರಿಸಿಷನ್ ಅಧ್ಯಯನದಲ್ಲಿ 500 ಪುರುಷರಿದ್ದರು. ಮೊದಲು ಎಂಆರ್‌ಐ ಮಾಡಿಸಿದವರಲ್ಲಿ 28 ಶೇಕಡಾ ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ. ಆದರೂ ಆ ಗುಂಪಿನಲ್ಲಿ ಅಪಾಯದ ಕ್ಯಾನ್ಸರ್ ಜಾಸ್ತಿ ಜನರಲ್ಲಿ ಪತ್ತೆಯಾಯಿತು: 38 ಶೇಕಡಾ, ಎಂಆರ್‌ಐ ಇಲ್ಲದೆ ನೇರವಾಗಿ ಬಯಾಪ್ಸಿ ಮಾಡುವ ಹಳೆಯ ವಿಧಾನದಲ್ಲಿ 26. ಹಾಗಂತ ಎಂಆರ್‌ಐ ಎಲ್ಲವನ್ನೂ ಹಿಡಿಯುವುದಿಲ್ಲ. ಅದಕ್ಕೇ ಕಾಯುವುದು ಅಂದರೆ ಮರೆಯುವುದಲ್ಲ. ಮುಂದಿನ ಪಿಎಸ್‌ಎ ಯಾವ ದಿನ, ಎಷ್ಟು ಏರಿದರೆ ಬಯಾಪ್ಸಿ ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ದಿನ ತಪ್ಪಿಸಿಬಿಡುತ್ತೇನೆ ಅನಿಸಿದರೆ, ಅಥವಾ ಕಾಯುವ ಚಿಂತೆಯೇ ನಿಮ್ಮನ್ನು ತಿನ್ನುತ್ತದೆ ಎಂದಾದರೆ, ಬಯಾಪ್ಸಿ ಮಾಡಿಸಿಕೊಳ್ಳುವುದೂ ಸರಿಯಾದ ನಿರ್ಧಾರವೇ.

ನಿದ್ದೆಗೆಡಿಸುತ್ತಿರುವುದು ವರದಿ ಒಂದೇ ಅಲ್ಲ ಅಂತ ನನಗನಿಸುತ್ತದೆ. ಹೆಂಡತಿಗೆ ಇವತ್ತೇ ಹೇಳಿ. ಕ್ಯಾನ್ಸರ್ ಎಂದು ಯಾರೂ ಹೇಳಿಲ್ಲ, ಒಂದು ಪರೀಕ್ಷೆ ಬೇಕೋ ಬೇಡವೋ ನೋಡುತ್ತಿದ್ದಾರೆ ಎಂದು ಶುರು ಮಾಡಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ನಿಮ್ಮ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ.