ಥೀಮ್ ಪಾರ್ಕಿಗೆ ವೇಳಾಪಟ್ಟಿ ಬೇಕೇ?

ಪ್ರಶ್ನೆ: ಎಂಟು ಮತ್ತು ಐದು ವರ್ಷದ ಮಕ್ಕಳೊಂದಿಗೆ ಈ ಬೇಸಿಗೆಯಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ. ಗಂಟೆ ಗಂಟೆಗೂ ಏನು ಮಾಡಬೇಕೆಂದು ಈಗಲೇ ಬರೆದಿಟ್ಟುಕೊಳ್ಳೋಣ ಎಂದು ನಾನು ಹೇಳುತ್ತಿದ್ದೇನೆ. ರಜೆಯಲ್ಲಿ ಮನಸ್ಸಿಗೆ ತೋಚಿದಂತೆ ಅಡ್ಡಾಡಬೇಕು ಎನ್ನುವುದು ನನ್ನ ಪತಿಯ ವಾದ. ಯಾರ ಮಾತು ಸರಿ?

ಉತ್ತರ: ನಿಮ್ಮ ಪತಿ ಬಯಸುವಂಥ ರಜೆ ನನಗೂ ಇಷ್ಟ. ಆದರೆ ನೀವು ಹೋಗುತ್ತಿರುವ ಸ್ಥಳದಲ್ಲಿ ಆ ಬಿಡುವು ತಾನಾಗಿ ಒದಗುವುದಿಲ್ಲ. ಕೆಲವನ್ನಾದರೂ ಮೊದಲೇ ಗೊತ್ತುಮಾಡಿಕೊಂಡವರಿಗೆ ಮಾತ್ರ ಅದು ಸಿಗುತ್ತದೆ. 1971ರಲ್ಲಿ ಒಂದೇ ಪಾರ್ಕಿನೊಂದಿಗೆ ಆರಂಭವಾದ ಆ ಜಾಗದಲ್ಲಿ ಈಗ ನಾಲ್ಕು ಥೀಮ್ ಪಾರ್ಕುಗಳಿವೆ. ಉದ್ದನೆಯ ಸಾಲನ್ನು ತಪ್ಪಿಸಿ ರೈಡ್‌ಗೆ ಹೋಗಲು 1999ರಲ್ಲಿ ಬಂದ ಫಾಸ್ಟ್‌ಪಾಸ್ ಚೀಟಿಯನ್ನು ಅದೇ ದಿನ ಪಾರ್ಕಿನೊಳಗೇ ಉಚಿತವಾಗಿ ಪಡೆಯಬಹುದಿತ್ತು. ಅದರ ಬದಲಿಗೆ ಈಗಿರುವ ಲೈಟ್ನಿಂಗ್ ಲೇನ್‌ಗೆ ಹಣ ತೆರಬೇಕು; ಡಿಸ್ನಿಯ ಹೋಟೆಲುಗಳಲ್ಲಿ ತಂಗುವವರು 7 ದಿನ ಮೊದಲು, ಉಳಿದವರು 3 ದಿನ ಮೊದಲು ಸಮಯವನ್ನು ಕಾಯ್ದಿರಿಸಲು ಅವಕಾಶವಿದೆ. ರೆಸ್ಟೋರೆಂಟುಗಳ ಮುಂಗಡ ಬುಕಿಂಗ್ 60 ದಿನ ಮೊದಲೇ ಶುರುವಾಗುತ್ತದೆ. ಆದ್ದರಿಂದ ಕೈತಪ್ಪಿದರೆ ಮತ್ತೆ ಸಿಗದಂಥವನ್ನು, ಅಂದರೆ ಮಕ್ಕಳು ಬಹಳ ಆಸೆಪಟ್ಟ ಒಂದೆರಡು ರೈಡ್‌ಗಳನ್ನೂ ಒಂದು ವಿಶೇಷ ಊಟವನ್ನೂ, ಈಗಲೇ ನಿಶ್ಚಯಿಸಿಕೊಳ್ಳಿ.

ಮಕ್ಕಳ ಎತ್ತರವನ್ನೂ ಹೊರಡುವ ಮೊದಲೇ ಅಳೆಯಿರಿ. ಸ್ಪೇಸ್ ಮೌಂಟನ್ ರೈಡ್‌ಗೆ ಕನಿಷ್ಠ 44 ಅಂಗುಲ, ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 38 ಅಂಗುಲ ಎತ್ತರ ಬೇಕು. ವಾರಗಟ್ಟಲೆ ಆಸೆ ಹುಟ್ಟಿಸಿ, ಕೊನೆಗೆ ಅಳತೆಗೋಲಿನ ಮುಂದೆ ನಿಲ್ಲಿಸಿ ಮಗುವನ್ನು ವಾಪಸು ಕರೆತರುವಂತಾಗಬಾರದು. ಚಿಕ್ಕ ಮಗುವಿಗೆ ಪ್ರವೇಶವಿಲ್ಲದ ರೈಡ್‌ಗಳಲ್ಲಿ ರೈಡರ್ ಸ್ವಿಚ್ ಕೇಳಿ ಪಡೆಯಿರಿ. ನಿಮ್ಮಲ್ಲೊಬ್ಬರು ಮಗುವಿನೊಂದಿಗೆ ಹೊರಗಿದ್ದು, ಇನ್ನೊಬ್ಬರು ಬಂದ ಮೇಲೆ ಆ ಉದ್ದನೆಯ ಸಾಲಿನಲ್ಲಿ ನಿಲ್ಲದೆ ಹೋಗಿಬರಬಹುದು.

ಆದರೆ ಗಂಟೆ ಗಂಟೆಯ ಪಟ್ಟಿಯನ್ನು ದಯವಿಟ್ಟು ಕೈಬಿಡಿ. ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ಮಿಂಚು ಹತ್ತಿರ ಬಂದೊಡನೆ ಹೊರಾಂಗಣದ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಅಲ್ಲಿಗೆ ನಿಮ್ಮ ಪಟ್ಟಿ ತಲೆಕೆಳಗಾಗುತ್ತದೆ. ಮಳೆಗಿಂತಲೂ ನನಗೆ ಮಕ್ಕಳದೇ ಹೆಚ್ಚಿನ ಚಿಂತೆ. ಐದು ವರ್ಷದ ಮಗು ಡಂಬೋ ಎಂಬ ಹಾರುವ ಆನೆಯ ರೈಡ್‌ನಿಂದ ಇಳಿದೊಡನೆ ನಿಮ್ಮ ಸೆರಗೋ ಕೈಯೋ ಹಿಡಿದು “ಅಮ್ಮಾ, ಇನ್ನೊಂದು ಸಲ” ಎನ್ನುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕಣ್ಣು ಫೋನಿನಲ್ಲಿ ಮುಂದಿನ ಸಮಯವನ್ನು ನೋಡುತ್ತಿದ್ದರೆ, ಇಷ್ಟು ಖರ್ಚು ಮಾಡಿ ಅಷ್ಟು ದೂರ ಹೋದದ್ದು ಯಾರ ಸಂತೋಷಕ್ಕೆ ಎಂದು ಕೇಳಬೇಕಾಗುತ್ತದೆ. ಆ ಎರಡನೆಯ ಸುತ್ತಿಗೆ ಜಾಗವಿಲ್ಲದ ಯೋಜನೆ, ಎಷ್ಟೇ ಅಚ್ಚುಕಟ್ಟಾಗಿದ್ದರೂ, ತಪ್ಪು ಯೋಜನೆಯೆಂದೇ ನಾನು ಹೇಳುತ್ತೇನೆ.

ಹೀಗೆ ಮಾಡಿ ನೋಡಿ: ಬೆಳಗಿನ ಹೊತ್ತು ನಿಮ್ಮದಾಗಲಿ, ಮಧ್ಯಾಹ್ನದ ನಂತರದ್ದು ನಿಮ್ಮ ಪತಿಯದಾಗಲಿ. ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದರೆ, ಮಧ್ಯಾಹ್ನ ಬಹಳ ಹೊತ್ತು ಕಾಯಿಸುವ ರೈಡ್‌ಗಳನ್ನೂ ಮೊದಲ ಗಂಟೆಯಲ್ಲಿ ಕಡಿಮೆ ಸಾಲಿನಲ್ಲಿ ಮುಗಿಸಬಹುದು. ಊಟವಾದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಮಕ್ಕಳೇ ಹೇಳಲಿ; ದಣಿದಿದ್ದರೆ ಕೋಣೆಗೆ ಮರಳಿ ಮಲಗಲಿ. ಉಳಿದುಹೋದ ರೈಡ್ ಏನಾದರೂ ಇದ್ದರೆ ಪಾರ್ಕ್ ಮುಚ್ಚುವ ಕೆಲವು ನಿಮಿಷ ಮೊದಲು ಸಾಲಿಗೆ ಸೇರಿಕೊಳ್ಳಿ. ಆ ವೇಳೆಗೆ ಸಾಲಿನಲ್ಲಿ ಇದ್ದವರನ್ನು ಸಾಮಾನ್ಯವಾಗಿ ಒಳಗೆ ಬಿಡುತ್ತಾರೆ.